ಮೈ ಮೆಲ್ಲಗೆ ಹೇಳುವ ಕಾಯಿಲೆಗಳು

ಸೋಂಕು ತಗಲಿದೆ ಎಂಬ ಸುದ್ದಿಯನ್ನು ನಮಗೆ ಮುಟ್ಟಿಸುವುದು ಬಹುಮಟ್ಟಿಗೆ ರೋಗಾಣುವಲ್ಲ, ನಮ್ಮದೇ ಮೈ. ಬಿಳಿ ರಕ್ತಕಣಗಳು ಹೊರಬಿಡುವ ರಾಸಾಯನಿಕಗಳು ಮಿದುಳಿನ ಹೈಪೊಥಾಲಮಸ್ ಮೇಲೆ ಕೆಲಸ ಮಾಡಿ ಮೈಯ ಬಿಸಿಯ ಮಟ್ಟವನ್ನು ಏರಿಸಿದಾಗ ಜ್ವರ ಬರುತ್ತದೆ. ಗಾಯದ ಸುತ್ತಲಿನ ರಕ್ತನಾಳಗಳು ಹಿಗ್ಗಿ, ಕಾವಲಿನ ಕಣಗಳು ಅಲ್ಲಿಗೆ ನುಗ್ಗಿದಾಗ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಹೋರಾಡಿ ಸತ್ತ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ರಾಶಿಯೇ ಕೀವು. ಹಳದಿ ಕಫವೂ ಎಕ್ಸ್-ರೇಯಲ್ಲಿ ಕಾಣುವ ಬಿಳಿಯ ಮಚ್ಚೆಯೂ ಹೆಚ್ಚಿನಂಶ ಅದೇ ಹೋರಾಟದ ಗುರುತುಗಳು. ಹಾಗಿದ್ದ ಮೇಲೆ, ಹೋರಾಡುವ ಶಕ್ತಿಯೇ ಕುಗ್ಗಿದವರಲ್ಲಿ ಏನಾಗಬೇಕು? ಸೋಂಕು ಬೆಳೆಯುತ್ತಾ ಹೋಗುತ್ತದೆ, ಅದರ ಗುರುತುಗಳು ಮಾತ್ರ ಮಂಕಾಗುತ್ತಾ ಹೋಗುತ್ತವೆ. ದೊಡ್ಡ ಕಾಯಿಲೆಗೆ ದೊಡ್ಡ ಲಕ್ಷಣ, ಸಣ್ಣ ಕಾಯಿಲೆಗೆ ಸಣ್ಣ ಲಕ್ಷಣ ಎಂದು ನಾವೆಲ್ಲ ಚಿಕ್ಕಂದಿನಿಂದ ನಂಬಿಕೊಂಡು ಬಂದ ಲೆಕ್ಕಾಚಾರ ಇಲ್ಲಿಗೆ ಬಂದಾಗ ತಲೆಕೆಳಗಾಗುತ್ತದೆ.

ನಾನು ವೈದ್ಯನಲ್ಲ. ನನ್ನ ಅಕ್ಕನಿಗೆ ಮೂತ್ರಪಿಂಡದ ಕಸಿಯಾಗಿದೆ; ಹೊಸ ಮೂತ್ರಪಿಂಡವನ್ನು ಮೈ ತಿರಸ್ಕರಿಸದಿರಲೆಂದು ಅವಳು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮತ್ತು ಪ್ರೆಡ್ನಿಸೊಲೋನ್ ಎಂಬ ಮೂರು ಔಷಧಿಗಳನ್ನು ಸೇವಿಸುತ್ತಾಳೆ. ಮೂರೂ ಮೂರು ಬಗೆಯಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥವು. ಆಸ್ಪತ್ರೆಯ ಕಾಯುವ ಕೋಣೆಗಳಲ್ಲಿ ಅವಳ ಜೊತೆ ಕುಳಿತು, ವೈದ್ಯರನ್ನು ಕೇಳಿ, ಸಿಕ್ಕಿದ್ದನ್ನು ಓದಿ ನಾನು ಕಲಿತದ್ದು ಇಷ್ಟು: ಇಂಥವರ ಮನೆಯವರಿಗೆ ಬೇಕಾಗಿರುವುದು ರೋಗಗಳ ಹೆಸರುಗಳ ಉದ್ದನೆಯ ಪಟ್ಟಿಯಲ್ಲ. ಯಾವ ಕಾವಲು ಕುಸಿದಿದೆ, ನಿನ್ನೆಗೂ ಇಂದಿಗೂ ಏನು ಬದಲಾಗಿದೆ, ಆ ಬದಲಾವಣೆ ಯಾವ ವೇಗದಲ್ಲಿ ಸಾಗುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಬಿಡದೆ ಕೇಳಿಕೊಳ್ಳುವ ಅಭ್ಯಾಸ ಬೇಕು.

ಮೊದಲನೆಯದನ್ನೇ ತೆಗೆದುಕೊಳ್ಳೋಣ. ‘ಇಮ್ಯುನಿಟಿ ಕಡಿಮೆ’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಅದು ಒಂದೇ ಬಗೆಯ ಕೊರತೆಯಲ್ಲ. ಕೀಮೋಥೆರಪಿ ಪಡೆದವರಲ್ಲಿ ಮುಖ್ಯವಾಗಿ ಕುಸಿಯುವುದು ನ್ಯೂಟ್ರೋಫಿಲ್‌ಗಳ ಸಂಖ್ಯೆ. ಅವರನ್ನು ಕಾಡುವುದು ಬ್ಯಾಕ್ಟೀರಿಯಾಗಳು ಮತ್ತು ಕ್ಯಾಂಡಿಡಾ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು. ಎಚ್‌ಐವಿ ಇದ್ದವರಲ್ಲಿ ಸಿಡಿ4 ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು (ಟಿ-ಕಣಗಳು) ಕಡಿಮೆಯಾಗುತ್ತವೆ. ಅಂಗಾಂಗ ಕಸಿಯ ಔಷಧಿಗಳು ಮತ್ತು ದೀರ್ಘಕಾಲದ ಸ್ಟಿರಾಯ್ಡ್ ಸಹ ಬಹುಮಟ್ಟಿಗೆ ಇದೇ ಕಾವಲನ್ನು ದುರ್ಬಲಗೊಳಿಸುತ್ತವೆ. ಆಗ ಜೀವಕೋಶಗಳ ಒಳಗೆ ಅಡಗಿ ಬದುಕುವ ಕ್ಷಯದ ಬ್ಯಾಕ್ಟೀರಿಯಾ, ಸೈಟೊಮೆಗಾಲೊ ವೈರಸ್, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯಂಥವೂ ನ್ಯುಮೊಸಿಸ್ಟಿಸ್, ಕ್ರಿಪ್ಟೊಕಾಕಸ್‌ನಂಥ ಶಿಲೀಂಧ್ರಗಳೂ ತಲೆಯೆತ್ತುತ್ತವೆ. ಗುಲ್ಮವನ್ನು (ಸ್ಪ್ಲೀನ್) ತೆಗೆಸಿಕೊಂಡವರಿಗೂ ಹುಟ್ಟಿನಿಂದಲೇ ಪ್ರತಿಕಾಯಗಳ ಕೊರತೆ ಇರುವವರಿಗೂ ನ್ಯುಮೊಕಾಕಸ್‌ನಂಥ, ಮೈಸುತ್ತ ಕವಚವಿರುವ ಬ್ಯಾಕ್ಟೀರಿಯಾಗಳ ಭಯ. ಒಬ್ಬರಿಗೆ ಕ್ಷುಲ್ಲಕವಾದ ಲಕ್ಷಣ ಇನ್ನೊಬ್ಬರಿಗೆ ತುರ್ತುಸ್ಥಿತಿಯಾಗುವುದು ಈ ಕಾರಣದಿಂದ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ಮೂತ್ರಪಿಂಡ ವಿಫಲವಾದವರು, ತೀವ್ರ ಅಪೌಷ್ಟಿಕತೆಗೆ ಸಿಕ್ಕವರು, ವಯಸ್ಸಾದವರು ಇವರೆಲ್ಲರನ್ನೂ ಈ ಸಾಲಿಗೆ ಸೇರಿಸಬೇಕು. ‘ನಮಗೇನೂ ಅಂಥ ಕಾಯಿಲೆಯಿಲ್ಲ’ ಎಂದುಕೊಂಡು ಸಂಧಿವಾತಕ್ಕೋ ಅಸ್ತಮಾಕ್ಕೋ ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರನ್ನಂತೂ ಮರೆಯಲೇಬಾರದು.

ಕೀಮೋಥೆರಪಿಯ ವಿಷಯದಲ್ಲಿ ವೈದ್ಯಲೋಕ ಅತ್ಯಂತ ಸ್ಪಷ್ಟವಾದ ಗೆರೆಯನ್ನು ಎಳೆದಿದೆ. ನ್ಯೂಟ್ರೋಫಿಲ್‌ಗಳ ಸಂಖ್ಯೆ ಇಳಿದಷ್ಟೂ, ಆ ಇಳಿತ ಹೆಚ್ಚು ದಿನ ಉಳಿದಷ್ಟೂ ಸೋಂಕಿನ ಅಪಾಯ ಏರುತ್ತದೆ ಎಂಬುದನ್ನು ತೀವ್ರ ರಕ್ತಕ್ಯಾನ್ಸರ್ ಇದ್ದವರನ್ನು ಗಮನಿಸಿ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು 1966ರಲ್ಲಿಯೇ ತೋರಿಸಿದ್ದರು. ರಕ್ತದ ಒಂದು ಮೈಕ್ರೊಲೀಟರ್‌ನಲ್ಲಿ ಈ ಕಣಗಳು 500ಕ್ಕಿಂತ ಕೆಳಗಿಳಿದಾಗ, ಬಾಯಿಯ ಉಷ್ಣಾಂಶ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್, ಅಂದರೆ 101 ಫ್ಯಾರನ್‌ಹೀಟ್ ಮುಟ್ಟಿದರೂ, ಇಲ್ಲವೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಒಂದು ಗಂಟೆ ನಿಂತರೂ ಅದು ತುರ್ತುಸ್ಥಿತಿ. ಕೆಮ್ಮಿಲ್ಲ, ಕೀವಿಲ್ಲ, ನೋವಿಲ್ಲ ಎಂಬುದು ಸಮಾಧಾನದ ಮಾತಾಗುವುದಿಲ್ಲ, ಏಕೆಂದರೆ ಕೀವು ಕಟ್ಟಬೇಕಾದ ಕಣಗಳೇ ಅಲ್ಲಿಲ್ಲ. ನ್ಯುಮೋನಿಯಾ ಆಗಿದ್ದರೂ ಕಫ ಬರದಿರಬಹುದು. ಮೂತ್ರದ ಸೋಂಕಿದ್ದರೂ ಮೂತ್ರದಲ್ಲಿ ಕೀವುಕಣ ಕಾಣದಿರಬಹುದು. ಗುದದ್ವಾರದ ಬಳಿ ಹುಣ್ಣಾಗಿದ್ದರೂ ಕುಳಿತಾಗ ಸ್ವಲ್ಪ ನೋವು ಎಂಬುದಷ್ಟೇ ಅದರ ಗುರುತಾಗಿರಬಹುದು. ಜ್ವರವೊಂದೇ ಉಳಿದಿರುವ ಸೂಚನೆ. ಆಸ್ಪತ್ರೆಗೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು ಎಂದು ಮಾರ್ಗಸೂಚಿಗಳು ಹೇಳುವುದು ಇದೇ ಕಾರಣಕ್ಕೆ. ಸಾಮಾನ್ಯವಾಗಿ ಕೀಮೋ ಕೊಟ್ಟು ಏಳರಿಂದ ಹದಿನಾಲ್ಕು ದಿನಗಳ ನಡುವೆ ಈ ಕಣಗಳು ತಳಮುಟ್ಟುತ್ತವೆ. ಆ ದಿನಗಳಲ್ಲಿ ಯಾರದೋ ಮದುವೆ ಇದೆ, ನಾಳೆ ನೋಡೋಣ ಎಂದು ಜ್ವರವನ್ನು ಮುಂದೂಡುವಂತಿಲ್ಲ. ಥರ್ಮಾಮೀಟರನ್ನು ಇಡದೆ ಪ್ಯಾರಾಸಿಟಮಾಲ್ ನುಂಗುವುದೂ ಸರಿಯಲ್ಲ, ಉಳಿದಿದ್ದ ಒಂದು ಸೂಚನೆಯನ್ನೂ ಅದು ಅಳಿಸಿಹಾಕುತ್ತದೆ.

ಗುಲ್ಮವಿಲ್ಲದವರ ವಿಷಯದಲ್ಲಿ ಗಡಿಯಾರ ಇನ್ನೂ ಬೇಗ ಓಡುತ್ತದೆ. ಮಧ್ಯಾಹ್ನ ಚಳಿ, ಮೈಕೈ ನೋವು, ಒಂದೆರಡು ವಾಂತಿ ಎಂದು ಫ್ಲೂನಂತೆ ಶುರುವಾದದ್ದು ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿಯೇ ಪ್ರಾಣಾಪಾಯಕ್ಕೆ ಮುಟ್ಟಬಹುದು. ಗುಲ್ಮ ತೆಗೆದ ಶಿಶುಗಳಲ್ಲಿ ಇಂಥ ಸೋಂಕುಗಳನ್ನು 1952ರಲ್ಲಿ ಕಿಂಗ್ ಮತ್ತು ಶೂಮ್ಯಾಕರ್ ಎಂಬ ಇಬ್ಬರು ವೈದ್ಯರು ದಾಖಲಿಸುವವರೆಗೆ, ಗುಲ್ಮವಿಲ್ಲದೆಯೂ ಮನುಷ್ಯ ನಿಶ್ಚಿಂತೆಯಿಂದ ಬದುಕಬಲ್ಲ ಎಂದೇ ಭಾವಿಸಲಾಗಿತ್ತು. ಈಗ ಅವರಿಗೆ ನ್ಯುಮೊಕಾಕಸ್, ಮೆನಿಂಗೊಕಾಕಸ್, ಹಿಮೊಫಿಲಸ್ ಲಸಿಕೆಗಳಿವೆ. ಎಷ್ಟೋ ಮಂದಿಗೆ ಜ್ವರ ಬಂದ ಕೂಡಲೇ ನುಂಗಿ ಆಸ್ಪತ್ರೆಗೆ ಹೊರಡಲೆಂದು ಆ್ಯಂಟಿಬಯಾಟಿಕ್ ಮಾತ್ರೆಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳಲು ಹೇಳಿರುತ್ತಾರೆ. ಬಾಲ್ಯದಲ್ಲಿ ಅಪಘಾತವಾಗಿ ಗುಲ್ಮ ತೆಗೆಸಿಕೊಂಡವರು ಆ ವಿಷಯವನ್ನೇ ಮರೆತು ಬದುಕುತ್ತಿರುತ್ತಾರೆ ಎಂಬುದು ಇಲ್ಲಿನ ಒಂದು ತೊಡಕು. ಹೊಟ್ಟೆಯ ಮೇಲೆ ಹಳೆಯ ಗಾಯದ ಗುರುತಿದ್ದರೆ ಅದು ಏತರದ್ದು ಎಂದು ಮನೆಯ ಹಿರಿಯರನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಇದಕ್ಕೆ ತದ್ವಿರುದ್ಧವಾದದ್ದು ನಿಧಾನವಾಗಿ ನಡೆದು ಬರುವ ಕಾಯಿಲೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನ್ಯುಮೊಸಿಸ್ಟಿಸ್ ನ್ಯುಮೋನಿಯಾ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಈ ನ್ಯುಮೋನಿಯಾ ಬಂದ ವರದಿ ಪ್ರಕಟವಾಯಿತು. ಏಡ್ಸ್ ಎಂದು ನಾವು ಈಗ ಕರೆಯುವ ಕಾಯಿಲೆ ಜಗತ್ತಿನ ಕಣ್ಣಿಗೆ ಬಿದ್ದದ್ದು ಆ ಪುಟ್ಟ ವರದಿಯಿಂದ. ಮೊದಲು ಆರೋಗ್ಯವಾಗಿದ್ದ ಯುವಕರಿಗೆ ಈ ಕಾಯಿಲೆ ಬರಬಾರದಿತ್ತು, ಬಂದಿದೆ ಎಂಬ ಬೆರಗೇ ಅಲ್ಲಿ ಶೋಧದ ಮೊದಲ ಹೆಜ್ಜೆಯಾಯಿತು. ಅದಕ್ಕೂ ಮೊದಲು, ಎರಡನೆಯ ಮಹಾಯುದ್ಧದ ನಂತರದ ಯುರೋಪಿನ ಅನಾಥಾಲಯಗಳಲ್ಲಿ ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಹಸುಳೆಗಳನ್ನು ಇದೇ ಜೀವಿ ಕಾಡಿತ್ತು. ಬಹುಕಾಲ ಇದನ್ನು ಏಕಕೋಶ ಪ್ರಾಣಿಯೆಂದು ಎಣಿಸಿದ್ದರು, 1988ರಲ್ಲಿ ಅದರ ಆನುವಂಶಿಕ ವಸ್ತುವನ್ನು ಪರೀಕ್ಷಿಸಿದಾಗ ಶಿಲೀಂಧ್ರವೆಂದು ತಿಳಿಯಿತು.

ಇದರ ನಡೆಯನ್ನು ಗಮನಿಸಿ. ಎಚ್‌ಐವಿ ಇದ್ದವರಲ್ಲಿ, ಸಾಮಾನ್ಯವಾಗಿ ರಕ್ತದ ಒಂದು ಮೈಕ್ರೊಲೀಟರ್‌ನಲ್ಲಿ ಸಿಡಿ4 ಸಂಖ್ಯೆ 200ಕ್ಕಿಂತ ಕೆಳಗಿಳಿದ ಮೇಲೆ, ಇದು ವಾರಗಟ್ಟಲೆ ತೆಗೆದುಕೊಂಡು ಬೆಳೆಯುತ್ತದೆ. ಮೊದಲು ಒಣ ಕೆಮ್ಮು. ಆಮೇಲೆ ಮಹಡಿ ಹತ್ತುವಾಗ ನಡುವೆ ನಿಲ್ಲಬೇಕೆನಿಸುವುದು, ಬಟ್ಟೆ ಒಗೆದ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಕುಳಿತುಕೊಳ್ಳಬೇಕೆನಿಸುವುದು, ಮಾತಾಡುತ್ತಾ ನಡೆಯುವಾಗ ಮಾತು ನಿಂತುಹೋಗುವುದು. ಜ್ವರ ಇದ್ದರೂ ಸಣ್ಣದು. ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಏನೂ ಕೇಳಿಸದಿರಬಹುದು, ಆರಂಭದ ಎಕ್ಸ್-ರೇ ಕೂಡ ಸರಿಯಾಗಿಯೇ ಕಾಣಬಹುದು. ಕುಳಿತಾಗ ಆಕ್ಸಿಮೀಟರ್ 97 ತೋರಿಸಿ, ನಾಲ್ಕು ಹೆಜ್ಜೆ ನಡೆದು ಬಂದ ಕೂಡಲೇ 90ರ ಆಸುಪಾಸಿಗೆ ಇಳಿಯುವುದು ಈ ಕಾಯಿಲೆಯ ವಿಶಿಷ್ಟ ಗುಣ. ಆದ್ದರಿಂದ ಕುಳಿತಾಗಿನ ಅಂಕಿಯನ್ನಷ್ಟೇ ನೋಡಿ ಸುಮ್ಮನಾಗುವುದರಲ್ಲಿ ಅರ್ಥವಿಲ್ಲ. ಚರ್ಮದ ಬಣ್ಣ ಗಾಢವಾಗಿದ್ದವರಲ್ಲಿ ಈ ಉಪಕರಣ ಇರುವುದಕ್ಕಿಂತ ಸ್ವಲ್ಪ ಹೆಚ್ಚಿನ ಅಂಕಿಯನ್ನೇ ತೋರಿಸುವ ಸಾಧ್ಯತೆಯಿದೆ ಎಂಬುದನ್ನೂ ನೆನಪಿಡಬೇಕು. ಇದೇ ಕಾಯಿಲೆ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೋ ಸ್ಟಿರಾಯ್ಡ್ ಸೇವಿಸುವವರಿಗೋ ಬಂದಾಗ ವಾರಗಟ್ಟಲೆ ಕಾಯುವುದಿಲ್ಲ, ಕೆಲವೇ ದಿನಗಳಲ್ಲಿ ಉಸಿರನ್ನು ಕಟ್ಟಿಸುತ್ತದೆ. ಎಷ್ಟೋ ಬಾರಿ ಸ್ಟಿರಾಯ್ಡ್ ಪ್ರಮಾಣವನ್ನು ಇಳಿಸುತ್ತಾ ಬರುವಾಗಲೇ ಅದು ತನ್ನ ಮುಖ ತೋರಿಸುತ್ತದೆ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಅನ್ನು ಒಂದು ತಿಂಗಳಿಗೂ ಮೀರಿ ಸೇವಿಸಬೇಕಾದಾಗ, ಅದರಲ್ಲೂ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಕಾರಣವೂ ಜೊತೆಗಿದ್ದಾಗ, ಮುಂಜಾಗ್ರತೆಯಾಗಿ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಬೇಕೇ ಎಂದು ವೈದ್ಯರು ಯೋಚಿಸುವುದು ಇದಕ್ಕಾಗಿ. ಅಕ್ಕನಿಗೂ ಕಸಿಯ ನಂತರದ ತಿಂಗಳುಗಳಲ್ಲಿ ಆ ಮಾತ್ರೆ ಇತ್ತು. ಬೇರೆ ಮಾತ್ರೆಗಳ ಗುಡ್ಡೆಯ ನಡುವೆ ಇದನ್ನೊಂದು ಬಿಟ್ಟರೆ ಏನಾಗುತ್ತದೆ ಎಂದು ಅವಳು ಒಮ್ಮೆ ಕೇಳಿದಾಗ, ‘ಅದನ್ನು ಬಿಟ್ಟರೆ ಏನಾಗುತ್ತದೆ ಎಂದು ನೋಡುವ ಅವಕಾಶ ನಿಮಗೆ ಬರದಿರಲಿ’ ಎಂದು ಔಷಧಿ ಕೊಡುತ್ತಿದ್ದ ಹಿರಿಯ ನರ್ಸ್ ನಗುತ್ತಲೇ ಉತ್ತರಿಸಿದ್ದರು.

ಕ್ಷಯಕ್ಕೆ ಸಿಡಿ4 ಸಂಖ್ಯೆಯ ಹಂಗೇ ಇಲ್ಲ. ಯಾವ ಮಟ್ಟದಲ್ಲಾದರೂ ಬರಬಹುದು. ಎರಡು ವಾರ ಮೀರಿದ ಕೆಮ್ಮು ಎಂಬ ಪರಿಚಿತ ಮಾತು ಉಳಿದವರಿಗೆ ಸರಿ, ಎಚ್‌ಐವಿ ಇದ್ದವರಿಗೆ ಅದು ಸಾಲದು. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರುವುದು, ಈ ನಾಲ್ಕರಲ್ಲಿ ಯಾವುದೊಂದಿದ್ದರೂ, ಅದು ನಿನ್ನೆಯಷ್ಟೇ ಶುರುವಾಗಿದ್ದರೂ, ಕ್ಷಯದ ಪರೀಕ್ಷೆ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಿಂದ ಹೇಳುತ್ತಾ ಬಂದಿದೆ. ಶ್ವಾಸಕೋಶದಲ್ಲಿ ಗುಳಿ ಬೀಳುವುದೂ ಒಂದರ್ಥದಲ್ಲಿ ಮೈಯ ಪ್ರತಿರೋಧದ ಫಲವೇ ಆದ್ದರಿಂದ, ಪ್ರತಿರೋಧ ತೀರಾ ಕುಗ್ಗಿದವರ ಎಕ್ಸ್-ರೇಯಲ್ಲಿ ಆ ಪಠ್ಯಪುಸ್ತಕದ ಚಿತ್ರ ಕಾಣುವುದಿಲ್ಲ, ಕಫದಲ್ಲಿಯೂ ಸೂಕ್ಷ್ಮದರ್ಶಕಕ್ಕೆ ಸಿಗುವಷ್ಟು ಬ್ಯಾಕ್ಟೀರಿಯಾ ಇರುವುದಿಲ್ಲ. ಸಂಧಿವಾತ ಮತ್ತು ಕರುಳಿನ ಉರಿಯೂತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿಯಿಂದ ಸುಪ್ತವಾಗಿದ್ದ ಕ್ಷಯ ಎಚ್ಚರಗೊಂಡ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶ್ವಾಸಕೋಶದ ಹೊರಗಿನವು. ಕೊರಳಿನ ಗಂಟು, ಹೊಟ್ಟೆಯ ನೀರು, ಬೆನ್ನುಮೂಳೆಯ ನೋವು, ಏನೂ ತೋರದೆ ಬರೀ ಸೊರಗುತ್ತಾ ಹೋಗುವುದು, ಹೀಗೆ ಯಾವ ವೇಷದಲ್ಲಾದರೂ ಅದು ಬರಬಹುದು. ಇಂಥ ಔಷಧಿಗಳನ್ನು ಆರಂಭಿಸುವ ಮೊದಲು ಸುಪ್ತ ಕ್ಷಯದ ಪರೀಕ್ಷೆ ಮಾಡುವ ಕ್ರಮ ಆ ಬಳಿಕ ಎಲ್ಲೆಡೆ ನೆಲೆನಿಂತಿತು.

ತಲೆನೋವಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ತಲೆನೋವಿನಷ್ಟು ಸುಲಭವಾಗಿ ನಾವು ತಳ್ಳಿಹಾಕುವ ಲಕ್ಷಣ ಇನ್ನೊಂದಿಲ್ಲ. ನಿದ್ದೆಗೆಟ್ಟಿದ್ದಕ್ಕೆ, ಬಿಸಿಲಿಗೆ ಹೋದದ್ದಕ್ಕೆ, ಕನ್ನಡಕದ ಪವರ್ ಬದಲಾದದ್ದಕ್ಕೆ ಎಂದು ಕಾರಣಗಳು ಸಾಲುಗಟ್ಟಿ ನಿಂತಿರುತ್ತವೆ. ಮಿದುಳು ಪೊರೆಯ ಉರಿಯೂತ (ಮೆನಿಂಜೈಟಿಸ್) ಎಂದರೆ ಕುತ್ತಿಗೆ ಸೆಟೆದುಕೊಳ್ಳಬೇಕು, ಬೆಳಕು ಸಹಿಸಲಾಗಬಾರದು ಎಂದು ಕೇಳಿದ್ದೇವೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದಿಂದ ಬರುವ ಮೆನಿಂಜೈಟಿಸ್‌ನಲ್ಲಿ ಕುತ್ತಿಗೆ ಸೆಟೆಯುವುದು ಎಚ್‌ಐವಿ ಇದ್ದವರಲ್ಲಿ ಸುಮಾರು ಮೂರು ಅಥವಾ ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆ ಒಂದೆರಡು ವಾರಗಳ ತಲೆನೋವು, ಸಣ್ಣ ಜ್ವರ, ಸುಸ್ತು, ಆಮೇಲೆ ಸ್ವಭಾವದಲ್ಲೊಂದು ಬದಲಾವಣೆ. ಸದಾ ಲೆಕ್ಕಪತ್ರ ಸರಿಯಿಟ್ಟುಕೊಳ್ಳುತ್ತಿದ್ದವರು ತಡವರಿಸುತ್ತಾರೆ, ಮಾತಿಗೆ ಉತ್ತರ ತಡವಾಗಿ ಬರುತ್ತದೆ, ನೋಟ ಮಂಜಾಗುತ್ತದೆ, ವಸ್ತುಗಳು ಎರಡೆರಡಾಗಿ ಕಾಣುತ್ತವೆ. ಮಿದುಳಿನ ಸುತ್ತಲ ದ್ರವದ ಒತ್ತಡ ಏರುತ್ತಿರುವುದರ ಗುರುತುಗಳಿವು, ಮತ್ತು ಇವನ್ನು ಗುರುತಿಸಬಲ್ಲವರು ಜೊತೆಯಲ್ಲಿ ಬದುಕುವವರೇ ಹೊರತು ಹತ್ತು ನಿಮಿಷ ನೋಡುವ ವೈದ್ಯರಲ್ಲ. ಈ ಶಿಲೀಂಧ್ರದ ಗುರುತು ರಕ್ತದಲ್ಲಿ ಲಕ್ಷಣಗಳಿಗಿಂತ ವಾರಗಳ ಮೊದಲೇ ಸಿಗುತ್ತದೆ ಎಂಬುದು ಭರವಸೆಯ ಸಂಗತಿ. ಸಿಡಿ4 ಸಂಖ್ಯೆ 100ಕ್ಕಿಂತ ಕಡಿಮೆಯಿರುವವರಿಗೆ ತಲೆನೋವಿಲ್ಲದಿದ್ದರೂ ಆ ಪರೀಕ್ಷೆ ಮಾಡುವುದು ಅದಕ್ಕಾಗಿಯೇ.

ತಲೆನೋವಿನ ಜೊತೆ ಒಂದು ಕೈ ಅಥವಾ ಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಹಿಂದೆಂದೂ ಬಾರದ ಫಿಟ್ಸ್ ಬರುವುದು ಕಂಡರೆ ಟಾಕ್ಸೊಪ್ಲಾಸ್ಮಾದ ಸಂಶಯ ಬರುತ್ತದೆ. ಅದೂ ಸಿಡಿ4 100ಕ್ಕಿಂತ ಕೆಳಗಿರುವವರಲ್ಲಿಯೇ ಹೆಚ್ಚು. ಎಂದೋ ಒಳಹೊಕ್ಕು ಮಿದುಳಿನಲ್ಲಿ ಮಲಗಿದ್ದ ಪರಾವಲಂಬಿ ಆಗ ಏಳುತ್ತದೆ. ತಲೆನೋವೂ ಇಲ್ಲದೆ, ಜ್ವರವೂ ಇಲ್ಲದೆ ವಾರದಿಂದ ವಾರಕ್ಕೆ ನಡಿಗೆ, ಮಾತು, ನೋಟ ಕೆಡುತ್ತಾ ಹೋಗುವ ಇನ್ನೊಂದು ಕಾಯಿಲೆ ಜೆಸಿ ವೈರಸ್‌ನಿಂದ ಬರುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗಕ್ಕೆ ಕೊಡುವ ನಟಾಲಿಜುಮ್ಯಾಬ್ ಎಂಬ ಔಷಧಿಯನ್ನು 2005ರಲ್ಲಿ ತಾತ್ಕಾಲಿಕವಾಗಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಈ ಕಾಯಿಲೆಯ ಕಾರಣಕ್ಕೆ. ಮೂಲ ಕಾಯಿಲೆಯೇ ಉಲ್ಬಣಿಸಿತೋ ಹೊಸದು ಸೇರಿಕೊಂಡಿತೋ ಎಂದು ಬೇರ್ಪಡಿಸುವುದು ಪರಿಣತರಿಗೂ ಸುಲಭವಲ್ಲ.

ಕಣ್ಣು ಕೂಡ ನೋವಿಲ್ಲದೆ ಕೆಡಬಲ್ಲದು. ಸೈಟೊಮೆಗಾಲೊ ವೈರಸ್ ಅಕ್ಷಿಪಟಲಕ್ಕೆ (ರೆಟಿನಾ) ತಗಲಿದಾಗ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ. ಕಪ್ಪು ಚುಕ್ಕೆಗಳು ತೇಲುತ್ತವೆ, ಬೆಳಕಿನ ಮಿಂಚು ಹೊಳೆಯುತ್ತದೆ, ನೋಟದ ಒಂದು ಮೂಲೆಯಲ್ಲಿ ಪರದೆ ಇಳಿಬಿಟ್ಟಂತಾಗುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ಎರಡೂ ಕಣ್ಣು ತೆರೆದಿರುವಾಗ ಇದು ತಿಳಿಯುವುದೇ ಇಲ್ಲ. ಸಿಡಿ4 ಸಂಖ್ಯೆ 50ಕ್ಕಿಂತ ಕೆಳಗಿರುವವರು ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ ನೋಡುವುದರಿಂದ ನಷ್ಟವೇನಿಲ್ಲ. ಇದೇ ವೈರಸ್ ಕಸಿ ಮಾಡಿಸಿಕೊಂಡವರಲ್ಲಿ ಕಣ್ಣಿಗಿಂತ ಹೆಚ್ಚಾಗಿ ಜ್ವರ, ಸುಸ್ತು, ಭೇದಿ ಮತ್ತು ರಕ್ತಪರೀಕ್ಷೆಯಲ್ಲಿ ಬಿಳಿಕಣಗಳ ಇಳಿತವಾಗಿ ತೋರಿಕೊಳ್ಳುತ್ತದೆ. ಸರ್ಪಸುತ್ತಿನ ವಿಷಯ ಬೇರೆ: ಅದು ಮೊದಲು ನೋವಾಗಿಯೇ ಬರುತ್ತದೆ, ಗುಳ್ಳೆಗಳು ಏಳುವುದಕ್ಕೆ ಒಂದೆರಡು ದಿನ ಮೊದಲೇ ಮೈಯ ಒಂದು ಬದಿಯ ಪಟ್ಟಿಯಲ್ಲಿ ಉರಿ, ಚುಚ್ಚುವಿಕೆ. ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ನರದ ಮೂಲಕ ಕಣ್ಣಿಗೂ ತಗಲುವ ಅಪಾಯವಿದೆ. ಗುಳ್ಳೆಗಳು ಒಂದು ಪಟ್ಟಿಯನ್ನು ಮೀರಿ ಮೈಯೆಲ್ಲ ಹರಡಿದರೆ ಮನೆಯಲ್ಲಿ ಕುಳಿತು ಲೇಪ ಹಚ್ಚುವ ಕಾಲ ಮುಗಿಯಿತೆಂದೇ ಅರ್ಥ. ವೈರಸ್ ನಿರೋಧಕ ಔಷಧಿ 72 ಗಂಟೆಯೊಳಗೆ ಆರಂಭವಾದರೆ ಹೆಚ್ಚು ಪ್ರಯೋಜನ. ಗಡುವು ದಾಟಿತೆಂದು ರೋಗನಿರೋಧಕ ಶಕ್ತಿ ಕುಗ್ಗಿದವರು ಸುಮ್ಮನಿರಬೇಕಾಗಿಲ್ಲ, ತಡವಾದರೂ ಅವರಿಗೆ ಔಷಧಿ ಕೊಡುತ್ತಾರೆ.

ಬಾಯಿಯ ಮಾತಿಗೆ ಬಂದರೆ, ನಾಲಿಗೆ ಮತ್ತು ಕೆನ್ನೆಯ ಒಳಬದಿಯ ಮೇಲಿನ, ಒರೆಸಿದರೆ ಕಿತ್ತು ಬಂದು ಕೆಳಗೆ ಕೆಂಪು ತೋರುವ ಬಿಳಿಯ ಪದರ ಕ್ಯಾಂಡಿಡಾ. ಅದು ತಾನಾಗಿ ದೊಡ್ಡ ಅಪಾಯವಲ್ಲ. ಅಸ್ತಮಾ ಇನ್‌ಹೇಲರ್ ಬಳಸಿ ಬಾಯಿ ಮುಕ್ಕಳಿಸದವರಲ್ಲಿಯೂ ಕಾಣುತ್ತದೆ. ಅದರ ಜೊತೆ ಅನ್ನದ ತುತ್ತು ನುಂಗುವಾಗ ಎದೆಯ ನಡುವೆ ನೋವಾಗತೊಡಗಿದರೆ ಸೋಂಕು ಅನ್ನನಾಳಕ್ಕೆ ಇಳಿದಿದೆ ಎಂದು ತಿಳಿಯಬೇಕು. ಯಾವ ಕಾರಣವೂ ಇಲ್ಲದ ವಯಸ್ಕರಲ್ಲಿ ಈ ಬಿಳಿ ಪದರ ಮತ್ತೆ ಮತ್ತೆ ಬಂದರೆ ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆ ಎರಡೂ ಆಗಬೇಕು. ಈ ಮಾತನ್ನು ಆಡಲು ಹಿಂಜರಿಯುವ ವೈದ್ಯರನ್ನೂ, ಕೇಳಿ ಮುನಿಸಿಕೊಳ್ಳುವ ರೋಗಿಗಳನ್ನೂ ನಾನು ನೋಡಿದ್ದೇನೆ, ಎರಡರಿಂದಲೂ ಲಾಭವಾಗುವುದು ಕಾಯಿಲೆಗೆ. ಹೊಟ್ಟೆಯ ವಿಷಯದಲ್ಲಿ ಕಾಲಾವಧಿಯೇ ಸೂಚನೆ: ಉಳಿದವರಿಗೆ ಒಂದೆರಡು ವಾರಗಳಲ್ಲಿ ತಾನಾಗಿ ನಿಲ್ಲುವ ಕ್ರಿಪ್ಟೊಸ್ಪೊರಿಡಿಯಂನ ನೀರುಭೇದಿ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ನಿಲ್ಲದೆ ಮುಂದುವರಿಯಬಹುದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ಕುಡಿಯುವ ನೀರಿನಲ್ಲಿ ಈ ಪರಾವಲಂಬಿ ಸೇರಿ ಅಂದಾಜು 4,03,000 ಮಂದಿ ಕಾಯಿಲೆ ಬಿದ್ದರು. ಸತ್ತವರಲ್ಲಿ ಬಹುಪಾಲು ಏಡ್ಸ್ ಇದ್ದವರು. ಕ್ಲೋರಿನ್‌ಗೆ ಇದು ಬಗ್ಗುವುದಿಲ್ಲ, ನೀರನ್ನು ಕುದಿಸಿದರೆ ಸಾಯುತ್ತದೆ.

ಸಕ್ಕರೆ ಹತೋಟಿ ತಪ್ಪಿದವರು ಮತ್ತು ಹೆಚ್ಚು ಸ್ಟಿರಾಯ್ಡ್ ಪಡೆದವರು ಮುಖದ ಒಂದೇ ಬದಿಯ ತೊಂದರೆಗಳನ್ನು ಹಗುರವಾಗಿ ಕಾಣಬಾರದು. ಒಂದೇ ಹೊಳ್ಳೆ ಕಟ್ಟಿಕೊಳ್ಳುವುದು, ಕೆನ್ನೆ ಜೋಮು ಹಿಡಿಯುವುದು, ಮೇಲಿನ ಹಲ್ಲು ಸಡಿಲವಾಗುವುದು, ಕಣ್ಣು ಊದಿ ವಸ್ತುಗಳು ಎರಡಾಗಿ ಕಾಣುವುದು, ಮೂಗಿನಿಂದ ಕಪ್ಪು ಮಿಶ್ರಿತ ಸ್ರಾವ, ಇವು ಮ್ಯೂಕರ್ ಶಿಲೀಂಧ್ರದ ಲಕ್ಷಣಗಳು. 2021ರ ಕೋವಿಡ್ ಅಲೆಯಲ್ಲಿ ‘ಬ್ಲ್ಯಾಕ್ ಫಂಗಸ್’ ಎಂದು ಮನೆಮಾತಾದದ್ದು ಇದೇ. ಕಪ್ಪು ಬಣ್ಣ ಕಾಣುವುದು ಅಂಗಾಂಶ ಸತ್ತ ಮೇಲೆ, ಆದ್ದರಿಂದ ಅದಕ್ಕಾಗಿ ಕಾಯುವುದು ತಡವಾಗಲೆಂದೇ ಕಾದಂತೆ. ಸ್ಟಿರಾಯ್ಡ್ ಇನ್ನೊಂದು ಬಗೆಯಲ್ಲಿಯೂ ಮೋಸ ಮಾಡುತ್ತದೆ. ಜ್ವರವನ್ನು ಅದುಮಿಡುತ್ತದೆ, ಹಸಿವನ್ನು ಹೆಚ್ಚಿಸಿ ಚೆನ್ನಾಗಿದ್ದೇವೆಂಬ ಭಾವನೆ ಹುಟ್ಟಿಸುತ್ತದೆ, ಕರುಳು ತೂತಾಗಿದ್ದರೂ ಹೊಟ್ಟೆ ಗಟ್ಟಿಯಾಗದಂತೆ ಮಾಡಬಲ್ಲದು. ಬರಿಗಾಲಲ್ಲಿ ಮಣ್ಣು ತುಳಿದಾಗ ಚರ್ಮದ ಮೂಲಕ ಒಳಹೊಕ್ಕ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಹತ್ತಾರು ವರ್ಷ ಕರುಳಿನಲ್ಲಿ ಸದ್ದಿಲ್ಲದೆ ಉಳಿದು, ಸ್ಟಿರಾಯ್ಡ್ ಶುರುವಾದ ಮೇಲೆ ಮೈಯೆಲ್ಲ ಹರಡಿ, ಕರುಳಿನ ಬ್ಯಾಕ್ಟೀರಿಯಾಗಳನ್ನೂ ರಕ್ತಕ್ಕೆ ಹೊತ್ತೊಯ್ಯುತ್ತದೆ. ಆದ್ದರಿಂದ ಎಲ್ಲೆಲ್ಲಿ ಬದುಕಿದ್ದೆ, ಯಾವ ಕೆಲಸ ಮಾಡುತ್ತಿದ್ದೆ ಎಂದು ವೈದ್ಯರು ಕೇಳಿದಾಗ ಅದು ಲೋಕಾಭಿರಾಮದ ಮಾತಲ್ಲ.

ಅಕ್ಕನ ಕಸಿಯ ತಂಡದವರು ನಮಗೆ ಕಾಲದ ಲೆಕ್ಕವನ್ನು ವಿವರಿಸಿದ್ದರು. ಮೊದಲ ತಿಂಗಳು ಶಸ್ತ್ರಚಿಕಿತ್ಸೆಯ ಗಾಯ, ನಳಿಕೆ, ಕ್ಯಾತಿಟರ್‌ಗಳ ಸೋಂಕಿನ ಕಾಲ. ಒಂದರಿಂದ ಆರು ತಿಂಗಳು ಅವಕಾಶವಾದಿ ಸೋಂಕುಗಳ, ಅಂದರೆ ಕಾವಲು ಕುಗ್ಗಿದ್ದನ್ನೇ ಅವಕಾಶ ಮಾಡಿಕೊಂಡು ಬರುವ ಸೋಂಕುಗಳ ಕಾಲ. ಆಮೇಲೆ ಎಲ್ಲರಿಗೂ ಬರುವ ನ್ಯುಮೋನಿಯಾ, ಫ್ಲೂ, ಮೂತ್ರದ ಸೋಂಕುಗಳೇ ಹೆಚ್ಚು. ತಿರಸ್ಕಾರವನ್ನು ತಡೆಯಲೆಂದು ಔಷಧಿಯ ಪ್ರಮಾಣ ಏರಿಸಿದಾಗಲೆಲ್ಲ ಈ ಲೆಕ್ಕ ಮತ್ತೆ ಎರಡನೆಯ ಹಂತಕ್ಕೆ ಹಿಂದಿರುಗುತ್ತದೆ ಎಂಬ ಮಾತನ್ನು ಅವರು ಕೊನೆಯಲ್ಲಿ, ಬಾಗಿಲ ಬಳಿ ನಿಂತು ಹೇಳಿದರು. ನನ್ನ ಅಭಿಪ್ರಾಯದಲ್ಲಿ ಮೊದಲು ಹೇಳಬೇಕಾದ ಮಾತು ಅದೇ ಆಗಿತ್ತು. ಇನ್ನೊಂದು ವಿಚಿತ್ರವನ್ನೂ ತಿಳಿದಿರಬೇಕು. ಎಚ್‌ಐವಿ ಚಿಕಿತ್ಸೆ ಆರಂಭಿಸಿ, ಸಿಡಿ4 ಏರಿ, ಎಲ್ಲವೂ ಸರಿಹೋಗುತ್ತಿದೆ ಎನ್ನುವ ವಾರಗಳಲ್ಲಿ ಜ್ವರ ಬರಬಹುದು, ಗಂಟುಗಳು ಊದಬಹುದು, ಅಡಗಿದ್ದ ಕ್ಷಯ ಬಯಲಾಗಬಹುದು. ಚೇತರಿಸಿಕೊಂಡ ಕಾವಲು ಈಗ ಹೋರಾಡುತ್ತಿರುವುದರಿಂದ ಹುಟ್ಟಿದ ಲಕ್ಷಣಗಳಿವು. ಔಷಧಿ ಒಗ್ಗಲಿಲ್ಲವೆಂದು ಎಷ್ಟೋ ಮಂದಿ ಚಿಕಿತ್ಸೆ ನಿಲ್ಲಿಸಿಬಿಡುವುದು ಇದೇ ಹಂತದಲ್ಲಿ. ಆ ತೀರ್ಮಾನವನ್ನು ವೈದ್ಯರಿಗೆ ಬಿಡಬೇಕು. ಸೋಂಕಿನ ಭಯದಿಂದ ಸ್ಟಿರಾಯ್ಡನ್ನು ಒಮ್ಮೆಗೇ ನಿಲ್ಲಿಸುವುದೂ ಅಷ್ಟೇ ಅಪಾಯಕಾರಿ, ದೀರ್ಘಕಾಲ ಸೇವಿಸಿದವರ ಮೈ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸೋಲ್ ತಯಾರಿಸುವುದನ್ನು ತಗ್ಗಿಸಿಕೊಂಡಿರುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಪ್ರತಿ ಸೀನಿಗೂ ಹೆದರುತ್ತಾ ಬದುಕಬೇಕೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿಯೂ ಎದ್ದಿತ್ತು. ಹೆದರಿಕೆಯನ್ನು ತಗ್ಗಿಸಿದ್ದು ಅಂಕಿಗಳು. ಅಕ್ಕ ಆರೋಗ್ಯವಾಗಿರುವ ದಿನಗಳಲ್ಲಿಯೇ ಬೆಳಗಿನ ಉಷ್ಣಾಂಶ, ತೂಕ, ರಕ್ತದೊತ್ತಡ, ಮೂತ್ರದ ಪ್ರಮಾಣಗಳನ್ನು ಬರೆದಿಡುತ್ತಾಳೆ, ಮಹಡಿ ಹತ್ತಿದಾಗ ಉಸಿರು ಹೇಗಿತ್ತು ಎಂಬುದನ್ನೂ ಒಂದು ಮಾತಿನಲ್ಲಿ ಸೇರಿಸುತ್ತಾಳೆ. ಅವಳ ಸಹಜ ಉಷ್ಣಾಂಶ ಕಡಿಮೆಯದು. 99 ಫ್ಯಾರನ್‌ಹೀಟ್ ಎಂದರೆ ನನಗೇನೂ ಅಲ್ಲ, ಅವಳಿಗೆ ಅದು ಗಮನಿಸಬೇಕಾದ ಅಂಕಿ. ವಯಸ್ಸಾದವರಲ್ಲಿ ಜ್ವರದ ಬದಲು ಗಲಿಬಿಲಿ, ಊಟ ಬೇಡವೆನ್ನುವುದು, ಇದ್ದಕ್ಕಿದ್ದಂತೆ ಬೀಳುವುದು ಮೊದಲ ಸೂಚನೆಯಾಗುವುದುಂಟು, ಅವರ ವಿಷಯದಲ್ಲಿ ಸಹಜ ಯಾವುದು ಎಂದು ಬರೆದಿಟ್ಟುಕೊಳ್ಳುವುದು ಇನ್ನೂ ಅಗತ್ಯ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಾತ್ರಿ ಪಾಳಿಯ ವೈದ್ಯರಿಗೆ ಇವೆಲ್ಲವೂ ಗೊತ್ತಿರುವುದಿಲ್ಲ. ಅವರಿಗೆ ಹೇಳುವ ಮೊದಲ ವಾಕ್ಯ ‘ಜ್ವರ ಬಂದಿದೆ’ ಎಂದಾಗಬಾರದು. ‘ಮೂತ್ರಪಿಂಡದ ಕಸಿಯಾಗಿದೆ, ಇಂಥಿಂಥ ಔಷಧಿಗಳು ನಡೆಯುತ್ತಿವೆ, ಇಂತಿಷ್ಟು ಹೊತ್ತಿನಿಂದ ಜ್ವರ’ ಎಂದಾಗಬೇಕು. ಕೀಮೋ ಆಗಿದ್ದರೆ ಕೊನೆಯ ಸಲ ಕೊಟ್ಟ ದಿನಾಂಕ, ಎಚ್‌ಐವಿಯಾಗಿದ್ದರೆ ಇತ್ತೀಚಿನ ಸಿಡಿ4 ಸಂಖ್ಯೆ, ಸ್ಟಿರಾಯ್ಡ್ ಆಗಿದ್ದರೆ ಪ್ರಮಾಣ ಮತ್ತು ಎಷ್ಟು ತಿಂಗಳಿನಿಂದ ಎಂಬುದು, ಗುಲ್ಮವಿಲ್ಲದಿದ್ದರೆ ಆ ಒಂದು ಮಾತು. ಈ ಮೊದಲ ವಾಕ್ಯ ಸಾಲಿನಲ್ಲಿ ಕಾಯುವ ಸಮಯವನ್ನೂ ಬದಲಿಸುತ್ತದೆ, ಯಾವ ಪರೀಕ್ಷೆಗೆ ರಕ್ತ ತೆಗೆಯಬೇಕೆಂಬುದನ್ನೂ ಬದಲಿಸುತ್ತದೆ. ಪರೀಕ್ಷೆಗಳೆಲ್ಲ ಸರಿಯಿವೆ, ಮನೆಗೆ ಹೋಗಬಹುದು ಎಂದು ಅವರು ಹೇಳಿದರೆ, ಯಾವ ಬದಲಾವಣೆ ಕಂಡರೆ ಮರಳಿ ಬರಬೇಕು, ಜ್ವರ ಇಳಿಯದಿದ್ದರೆ ಎಷ್ಟು ಗಂಟೆ ಕಾಯಬಹುದು, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಫಲಿತಾಂಶ ಬಂದಾಗ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬ ಮೂರನ್ನು ಕೇಳಿ, ಬಿಡುಗಡೆಯ ಚೀಟಿಯ ಮೇಲೆ ಅವರ ಕೈಯಲ್ಲೇ ಬರೆಸಿಕೊಂಡು ಹೊರಡಬೇಕು.